ಐದು ವಾರ ಮೊದಲೇ ಬಂದ ಅವಳಿಗಳು

ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ, ಹಾಸನೂರಿನ ಕಾಡು ದಾಟಿ ಬಂದರೆ ತಾಳವಾಡಿ ಸೀಮೆ. ಆಡಳಿತಕ್ಕೆ ತಮಿಳುನಾಡಿನ ಈರೋಡ್ ಜಿಲ್ಲೆ, ಮನೆಮಾತಿಗೆ ಕನ್ನಡ. ಜಿಲ್ಲಾ ಕೇಂದ್ರ ನೂರು ಕಿಲೋಮೀಟರಿಗೂ ಆಚೆಗಿದೆ. ಚಾಮರಾಜನಗರ ಅದಕ್ಕಿಂತ ಎಷ್ಟೋ ಹತ್ತಿರ. ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾದುಹೋಗುವ ಘಾಟಿ ರಸ್ತೆಯಲ್ಲಿ ರಾತ್ರಿ ಹೊತ್ತು ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಆಂಬುಲೆನ್ಸಿಗೆ ವಿನಾಯಿತಿ ಇದ್ದರೂ ಕತ್ತಲಲ್ಲಿ ಆ ದಾರಿ ಸುಲಭದ್ದಲ್ಲ. ಇಂಥ ಊರಿನಲ್ಲಿ, ಹೊಟ್ಟೆಯಲ್ಲಿ ಎರಡು ಮಕ್ಕಳಿವೆ ಎಂದು ಸ್ಕ್ಯಾನಿಂಗ್‌ನಲ್ಲಿ ಗೊತ್ತಾದ ದಿನದಿಂದಲೇ ಮನೆಯವರ ಯೋಚನೆ ಬೇರೆಯಾಗುತ್ತದೆ. ಹೆರಿಗೆಗೆ ಬೆಟ್ಟ ಇಳಿದು ಸತ್ಯಮಂಗಲಕ್ಕೆ ಹೋಗುವುದೋ, ಗಡಿ ದಾಟಿ ಚಾಮರಾಜನಗರಕ್ಕೋ, ಇನ್ನೂ ಮುಂದೆ ಮೈಸೂರಿಗೋ?

ಈ ಯೋಚನೆಯನ್ನು ಬೇಗ ಮಾಡಿಕೊಳ್ಳುವುದೇ ಒಳ್ಳೆಯದು. ಅವಳಿ ಬಸಿರುಗಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರ ತುಂಬುವ ಮೊದಲೇ ಹೆರಿಗೆಯಾಗುತ್ತವೆ. 37 ವಾರಕ್ಕೆ ಮೊದಲು ಹುಟ್ಟಿದ ಮಗುವನ್ನು ಅವಧಿಪೂರ್ವ ಮಗು ಎಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸುತ್ತದೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ಹೀಗೆ ಹುಟ್ಟಿದರು. ಅವರಲ್ಲಿ 30 ಲಕ್ಷದಷ್ಟು ಮಕ್ಕಳು ಭಾರತದವರು. ಇವರಲ್ಲಿ ದೊಡ್ಡ ಪಾಲು 28 ವಾರಕ್ಕೋ 30 ವಾರಕ್ಕೋ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಮಲಗುವ ಕೂಸುಗಳಲ್ಲ. 34ರಿಂದ 36 ವಾರದೊಳಗೆ, ಅಂದರೆ ‘ಸ್ವಲ್ಪ ಮೊದಲು’ ಹುಟ್ಟಿದವರೇ ಹೆಚ್ಚು.

ಈ ‘ಸ್ವಲ್ಪ’ದಲ್ಲೇ ತೊಡಕಿರುವುದು. ತೀರಾ ಮೊದಲು ಹುಟ್ಟಿದ ಮಗುವಿನ ಮೇಲೆ ಆಸ್ಪತ್ರೆಯೂ ಮನೆಯೂ ಕಣ್ಣಿಟ್ಟಿರುತ್ತವೆ. 35 ವಾರಕ್ಕೆ ಹುಟ್ಟಿದ, ಎರಡು ಕಿಲೋ ಆಸುಪಾಸಿನ ಅವಳಿಗಳು ನೋಡುವುದಕ್ಕೆ ಸಣ್ಣವರಾದರೂ ಲಕ್ಷಣವಾಗಿರುತ್ತಾರೆ, ಅಳುತ್ತಾರೆ, ಕೆಲವೇ ದಿನಗಳಲ್ಲಿ ಮನೆಗೆ ಬರುತ್ತಾರೆ. ಬಂದವರೆಲ್ಲ ಎರಡೂ ಮಕ್ಕಳು ಚೆನ್ನಾಗಿವೆ ಎಂದು ಹರಸಿ ಹೋಗುತ್ತಾರೆ. ಬಹುಪಾಲು ಮಕ್ಕಳು ನಿಜಕ್ಕೂ ಚೆನ್ನಾಗಿಯೇ ಬೆಳೆಯುತ್ತಾರೆ. ಆದರೆ 34 ವಾರದ ಮಗುವಿನ ಮೆದುಳಿನ ತೂಕ, ದಿನ ತುಂಬಿ ಹುಟ್ಟಿದ ಮಗುವಿನ ಮೆದುಳಿನ ತೂಕದ ಮೂರನೇ ಎರಡರಷ್ಟು ಮಾತ್ರ. ಉಳಿದ ಮೂರನೇ ಒಂದು ಪಾಲು ತಾಯಿಯ ಹೊಟ್ಟೆಯಲ್ಲಿ ಬೆಳೆಯಬೇಕಾಗಿದ್ದದ್ದು ಈಗ ಮನೆಯಲ್ಲಿ, ತೊಟ್ಟಿಲಲ್ಲಿ, ಎದೆಯ ಮೇಲೆ ಬೆಳೆಯಬೇಕು. ಅದಕ್ಕೇ ಈ ಮಕ್ಕಳ ಮೊದಲ ಎರಡು ವರ್ಷವನ್ನು ನಿಗಾ ಇಟ್ಟು ನೋಡಬೇಕು.

ಹಳ್ಳಿಗಳಲ್ಲಿ ಒಂದು ಮಾತಿದೆ: ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ. ಇದಕ್ಕೆ ಯಾವ ಆಧಾರವೂ ಇಲ್ಲ. ಹೊಟ್ಟೆಯಲ್ಲಿ ಕಳೆದ ಪ್ರತಿ ವಾರವೂ ಮಗುವಿಗೆ ಲಾಭವೇ. ಎಂಟು ತಿಂಗಳಿಗೆ ಹುಟ್ಟಿದ ಮಗುವನ್ನು ಈ ಮಾತಿನ ಹೆದರಿಕೆಯಿಂದ ಕೈಬಿಟ್ಟಂತೆ ನೋಡಿಕೊಂಡರೆ ಅದೇ ಅಪಾಯ.

ಮೊದಲ ವಾರದ ಪರೀಕ್ಷೆ ಹಾಲು ಕುಡಿಯುವುದು. ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಮಗುವಿಗೆ ಬರುವುದು ಸುಮಾರು 34 ವಾರದ ಹೊತ್ತಿಗೆ. 35 ವಾರದ ಕೂಸು ನಾಲ್ಕು ಗುಟುಕು ಕುಡಿದು ಸುಸ್ತಾಗಿ ನಿದ್ದೆ ಹೋಗುತ್ತದೆ. ಮಲಗಿದ ಮಗು ಹೊಟ್ಟೆ ತುಂಬಿದ ಮಗು ಎಂದು ಮನೆಯವರು ನೆಮ್ಮದಿಯಾಗಿರುತ್ತಾರೆ. ಎರಡೂ ಮಕ್ಕಳು ಒಟ್ಟಿಗೆ ಮಲಗಿದರಂತೂ ಬಾಣಂತಿಗೂ ಒಂದಿಷ್ಟು ಕಣ್ಣು ಮುಚ್ಚುವ ಆಸೆ. ಆದರೆ ಈ ಕೂಸುಗಳು ಅತ್ತು ಕೇಳುವವರೆಗೆ ಕಾಯುವಂತಿಲ್ಲ. ಎರಡು ಮೂರು ಗಂಟೆಗೊಮ್ಮೆ ಅಂಗಾಲು ತಟ್ಟಿ, ಬಟ್ಟೆ ಸಡಿಲಿಸಿ ಎಬ್ಬಿಸಿ ಕುಡಿಸಬೇಕು. ಚೀಪಲಾರದ ಮಗುವಿಗೆ ಎದೆಹಾಲನ್ನೇ ಹಿಂಡಿ ಒಳಲೆಯಲ್ಲಿ ಹಾಕಬಹುದು. ಅಜ್ಜಿಯಂದಿರ ಕಾಲದ ಈ ಮೂತಿಯ ಬಟ್ಟಲನ್ನು ಇಂದು ನವಜಾತ ಶಿಶುಗಳ ವಾರ್ಡುಗಳಲ್ಲೂ ಬಳಸುತ್ತಾರೆ. ಬಾಟಲಿಯ ಮೂಲೆಗಳಲ್ಲಿ ಹಾಲು ಉಳಿದು ಕೆಡುತ್ತದೆ. ಒಳಲೆಯನ್ನು ತೊಳೆದು ಕುದಿಸುವುದು ಸುಲಭ. ಮಗುವನ್ನು ತುಸು ತಲೆಯೆತ್ತಿ ಹಿಡಿದು, ಒಳಲೆಯ ಮೂತಿಯನ್ನು ತುಟಿಯ ಅಂಚಿಗೆ ತಾಗಿಸಿ, ಒಂದು ಗುಟುಕು ನುಂಗಿದ ಮೇಲೆ ಇನ್ನೊಂದು ಗುಟುಕು ಬಿಡಬೇಕು. ಬಾಯಿಗೆ ಸುರಿಯಬಾರದು.

ಕಾಮಾಲೆಯೂ ಈ ಮಕ್ಕಳಿಗೆ ಹೆಚ್ಚು. ಮುಖ, ಎದೆ ತುಸು ಹಳದಿಯಾಗುವುದು ಸಾಮಾನ್ಯ. ಅಂಗೈ ಅಂಗಾಲಿಗೂ ಹಳದಿ ಇಳಿದರೆ, ಮಗು ಹಾಲು ಬಿಟ್ಟು ಮಂಕಾದರೆ, ಬೆಳಗಿನ ಬಿಸಿಲಿಗೆ ಹಿಡಿದು ಕೂರುವುದು ಸಾಲದು. ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಮೆದುಳಿಗೆ ಏರಿದ ಕಾಮಾಲೆ ಕಿವಿಯನ್ನೂ ಚಲನೆಯನ್ನೂ ಕೆಡಿಸಬಲ್ಲದು.

ತಾಳವಾಡಿಯಲ್ಲಿ ಮಾರ್ಗಶಿರ, ಪುಷ್ಯದ ಚಳಿ ಜೋರು. ಸಣ್ಣ ಕೂಸಿನ ಮೈ ಬೇಗ ತಣ್ಣಗಾಗುತ್ತದೆ. ಇದಕ್ಕೆ ದುಡ್ಡಿಲ್ಲದ ಉಪಾಯವೊಂದು 1978ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೊಟಾ ನಗರದಿಂದ ಹೊರಟಿತು. ಗಾಜಿನ ಪೆಟ್ಟಿಗೆಗಳು ಸಾಲದಿದ್ದಾಗ ಡಾ. ಎಡ್ಗರ್ ರೇ ಸನಾಬ್ರಿಯಾ ಕೂಸುಗಳನ್ನು ತಾಯಿಯ ಎದೆಗೇ ಕಟ್ಟಿಸಿದರು. ಮಗುವಿಗೆ ಟೋಪಿ, ಲಂಗೋಟಿ ಮಾತ್ರ. ತಾಯಿಯ ಬರಿ ಎದೆಯ ಮೇಲೆ ಕಪ್ಪೆಯಂತೆ ಕಾಲು ಮಡಿಸಿ ಮಲಗಿಸಿ, ಮೇಲೆ ಸೀರೆಯೋ ಬಟ್ಟೆಯೋ ಬಿಗಿದರೆ ಆಯಿತು. ಇದನ್ನು ಕಾಂಗರೂ ಆರೈಕೆ ಎನ್ನುತ್ತಾರೆ. 2022ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹುಟ್ಟಿದ ಕೂಡಲೇ ಈ ಆರೈಕೆ ಶುರುವಾಗಲಿ, ದಿನಕ್ಕೆ 8ರಿಂದ 24 ಗಂಟೆ ನಡೆಯಲಿ ಎಂದು ಹೇಳಿತು. ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರಿ ಆಸ್ಪತ್ರೆಯಿಂದ ಮನೆಯವರೆಗೆ ಇದನ್ನು ಹಬ್ಬಿಸಿ ತೋರಿಸಿದ್ದಾರೆ. ಅವಳಿಗಳಿದ್ದರೆ ತಾಯಿ ಎರಡನ್ನೂ ಒಟ್ಟಿಗೆ ಎದೆಗೆ ಹಾಕಿಕೊಳ್ಳಬಹುದು. ಒಂದನ್ನು ತಾಯಿ, ಇನ್ನೊಂದನ್ನು ತಂದೆಯೋ ಅಜ್ಜಿಯೋ ಹಾಕಿಕೊಳ್ಳಬಹುದು. ತಂದೆಯ ಎದೆಯ ಶಾಖವೂ ಅಷ್ಟೇ ಒಳ್ಳೆಯದು.

ನಮ್ಮ ಕಡೆಯ ಬಾಣಂತನದಲ್ಲಿ ಒಳ್ಳೆಯದು ಬಹಳವಿದೆ. ತಾಯಿಗೆ ವಿಶ್ರಾಂತಿ, ಬಿಸಿ ಊಟ, ಕೂಸಿಗೆ ಮೆತ್ತಗೆ ಎಣ್ಣೆ ಹಚ್ಚುವ ಅಜ್ಜಿಯ ಕೈ. ತೂಕ ಕಡಿಮೆಯಿರುವ ಮಗುವಿನ ಮಟ್ಟಿಗೆ ಮೂರು ಪದ್ಧತಿಗಳನ್ನು ಬಿಡಬೇಕು: ಮೊದಲ ದಿನಗಳಲ್ಲಿ ನೀರೆರೆಯುವುದು, ಸಾಂಬ್ರಾಣಿಯ ದಟ್ಟ ಹೊಗೆ ಹಿಡಿಯುವುದು, ಬಜೆ ತೇಯ್ದು ನೆಕ್ಕಿಸುವುದು.

ಇನ್ನು ವಯಸ್ಸಿನ ಲೆಕ್ಕ. ಹೆರಿಗೆಗೆ ಕೊಟ್ಟ ದಿನ ಸಂಕ್ರಾಂತಿ, ಜನವರಿ 14 ಎಂದಿಟ್ಟುಕೊಳ್ಳೋಣ. ಅವಳಿಗಳು ಡಿಸೆಂಬರ್ 10ಕ್ಕೇ ಹುಟ್ಟಿದವು. ಸರಿಯಾಗಿ ಐದು ವಾರ ಮೊದಲು. ಜೂನ್ 10ಕ್ಕೆ ಆರು ತಿಂಗಳು ತುಂಬಿತು, ಪಕ್ಕದ ಮನೆಯ ಆರು ತಿಂಗಳ ಮಗು ಬೋರಲು ಬಿದ್ದು ಆಟವಾಡುತ್ತಿದೆ, ನಮ್ಮವು ಇನ್ನೂ ಮಗ್ಗುಲಿಗೇ ಹೊರಳುತ್ತಿವೆ ಎಂದು ತಾಯಿ ಕೊರಗುತ್ತಾಳೆ. ಆದರೆ ಈ ಮಕ್ಕಳ ಬೆಳವಣಿಗೆಯನ್ನು ಎಣಿಸಬೇಕಾದದ್ದು ಸಂಕ್ರಾಂತಿಯಿಂದ. ಆ ಲೆಕ್ಕಕ್ಕೆ ಅವರಿಗೆ ಇನ್ನೂ ಐದು ತಿಂಗಳೂ ತುಂಬಿಲ್ಲ. ಇದನ್ನು ವೈದ್ಯರು ತಿದ್ದಿದ ವಯಸ್ಸು ಎನ್ನುತ್ತಾರೆ. ಎರಡು ವರ್ಷದವರೆಗೆ ಕೂರುವುದು, ನಡೆಯುವುದು, ಮಾತನಾಡುವುದು ಎಲ್ಲಕ್ಕೂ ಈ ವಯಸ್ಸನ್ನೇ ಹಿಡಿಯಬೇಕು. ಲಸಿಕೆಗೆ ಮಾತ್ರ ಈ ಲೆಕ್ಕ ಸಲ್ಲದು. ಅದನ್ನು ಹುಟ್ಟಿದ ದಿನದಿಂದಲೇ ಎಣಿಸಿ ಹಾಕಿಸಬೇಕು.

ಈ ಲೆಕ್ಕ ಗೊತ್ತಿದ್ದರೆ ಅರ್ಧ ಚಿಂತೆ ಕಳೆಯುತ್ತದೆ. ಜೊತೆಗೇ ಇನ್ನೊಂದು ಎಚ್ಚರಿಕೆ ಬೇಕು. ಅವಧಿಗೆ ಮೊದಲು ಹುಟ್ಟಿದ್ದು, ನಿಧಾನವಾಗಿ ಆಗುತ್ತದೆ ಬಿಡಿ ಎಂಬ ಸಮಾಧಾನದ ಮಾತು ಎಷ್ಟೋ ಮಕ್ಕಳ ಅಮೂಲ್ಯ ತಿಂಗಳುಗಳನ್ನು ತಿಂದುಹಾಕಿದೆ. ಐದು ವಾರ ಮೊದಲು ಹುಟ್ಟಿದ ಮಗುವಿಗೆ ಐದು ವಾರದ ರಿಯಾಯಿತಿ ಕೊಡಬೇಕು. ಅದು ಐದು ತಿಂಗಳಿಗೆ ಹಿಗ್ಗಬಾರದು.

ತಿದ್ದಿದ ವಯಸ್ಸಿನಲ್ಲಿ ಯಾವುದು ಎಷ್ಟು ಹೊತ್ತಿಗೆ? ಎರಡು ತಿಂಗಳಿಗೆ ಮುಖ ನೋಡಿ ನಗು. ನಾಲ್ಕಕ್ಕೆ ಕತ್ತು ನಿಲ್ಲುವುದು, ಮುಷ್ಟಿ ಬಿಚ್ಚುವುದು. ಒಂಬತ್ತರ ಹೊತ್ತಿಗೆ ಆಸರೆಯಿಲ್ಲದೆ ಕೂರುವುದು. ಒಂದೂವರೆ ವರ್ಷದೊಳಗೆ ನಡಿಗೆ ಮತ್ತು ಅರ್ಥವುಳ್ಳ ಒಂದೆರಡು ಪದ. ಇವು ತಪ್ಪಿದರೆ ಕೇಳಬೇಕು. ಇವಲ್ಲದೆ ಮಗುವಿನ ಮೈಯೇ ಕೊಡುವ ಸುಳಿವುಗಳಿವೆ. ಎತ್ತಿಕೊಂಡಾಗ ಕೈಯಿಂದ ಜಾರುವಷ್ಟು ಸಡಿಲ ಅಥವಾ ಬಟ್ಟೆ ಹಾಕಲಾಗದಷ್ಟು ಬಿಗಿ. ಕಂಕುಳಿಗೆ ಕೈಕೊಟ್ಟು ಎತ್ತಿದಾಗ ಎರಡೂ ಕಾಲು ಕತ್ತರಿಯಂತೆ ಹೆಣೆದುಕೊಳ್ಳುವುದು. ವರ್ಷ ತುಂಬುವ ಮೊದಲೇ ಒಂದೇ ಕೈಯಿಂದ ಎಲ್ಲವನ್ನೂ ಹಿಡಿಯುವುದು. ನಮ್ಮ ಮಗು ಈಗಲೇ ಎಡಚ ಎಂದು ಮನೆಯವರು ಸಂತೋಷಪಡುವಾಗ, ಇನ್ನೊಂದು ಕೈಯಲ್ಲಿ ಬಲ ಕಡಿಮೆಯಿದೆಯೇ ಎಂದು ನೋಡಬೇಕು.

ಇದನ್ನು ಅಳೆಯುವುದಕ್ಕೆ ದೊಡ್ಡ ಯಂತ್ರ ಬೇಡ. ತಿರುವನಂತಪುರದ ಶಿಶು ಬೆಳವಣಿಗೆ ಕೇಂದ್ರದಲ್ಲಿ ಡಾ. ಎಂ.ಕೆ.ಸಿ. ನಾಯರ್ ಮತ್ತು ಸಂಗಡಿಗರು 17 ಸಾಲುಗಳ ಒಂದು ಪಟ್ಟಿಯನ್ನು ರೂಪಿಸಿದರು. ಹಾಳೆಯ ಮೇಲೆ ಮಗುವಿನ ವಯಸ್ಸಿನ ಜಾಗದಲ್ಲಿ ಪೆನ್ಸಿಲನ್ನು ನೆಟ್ಟಗೆ ಮೇಲಿನಿಂದ ಕೆಳಕ್ಕೆ ಇಡುವುದು. ಪೆನ್ಸಿಲಿನ ಎಡಕ್ಕೆ ಪೂರ್ತಿ ಸರಿದ ಗೀಟುಗಳಲ್ಲಿ ಹೇಳಿದ್ದನ್ನೆಲ್ಲ ಮಗು ಮಾಡುತ್ತಿರಬೇಕು. ಒಂದು ತಪ್ಪಿದರೂ ವೈದ್ಯರ ಬಳಿಗೆ ಕಳಿಸುವುದು. ಕೆಲವೇ ನಿಮಿಷದ ಕೆಲಸ, ಅಂಗನವಾಡಿ ಕಾರ್ಯಕರ್ತೆ ಮಾಡಬಹುದಾದದ್ದು.

ಕಣ್ಣು ಕಿವಿಗಳ ವಿಷಯದಲ್ಲಿ ಮಾತ್ರ ಮನೆಯ ಪರೀಕ್ಷೆ ಸಾಲದು. ಎರಡು ಕಿಲೋಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮೊದಲು ಹುಟ್ಟಿದ ಎಲ್ಲ ಮಕ್ಕಳಿಗೂ, ಆಮ್ಲಜನಕ ಪಡೆದ, ಸೋಂಕಾದ ದೊಡ್ಡ ಕೂಸುಗಳಿಗೂ ತಿಂಗಳೊಳಗೆ ಅಕ್ಷಿಪಟಲದ ಪರೀಕ್ಷೆ ಆಗಬೇಕು. 35 ವಾರದ ಅವಳಿಗಳಲ್ಲಿ ಒಂದಾದರೂ ಎರಡು ಕಿಲೋ ಮುಟ್ಟದಿರುವುದು ಅಪರೂಪವಲ್ಲ. ಕಣ್ಣು ಹೊರಗಿನಿಂದ ಹೊಳೆಯುತ್ತಿರುತ್ತದೆ, ಒಳಗೆ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಪರದೆಯನ್ನು ಎಳೆಯುತ್ತಿರಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ ಕಿಡ್‌ರಾಪ್ ಎಂಬ ಕಾರ್ಯಕ್ರಮವನ್ನು ಶುರುಮಾಡಿದರು. ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲಾ ಆಸ್ಪತ್ರೆಗಳಿಗೆ ಹೋಗಿ ಕೂಸುಗಳ ಕಣ್ಣಿನ ಒಳಚಿತ್ರ ತೆಗೆಯುತ್ತಾರೆ. ಬೆಂಗಳೂರಿನಲ್ಲಿ ಕೂತ ತಜ್ಞರು ಅದನ್ನು ನೋಡಿ ತೀರ್ಮಾನ ಹೇಳುತ್ತಾರೆ. ಸಮಯಕ್ಕೆ ಲೇಸರ್ ಚಿಕಿತ್ಸೆಯಾದರೆ ದೃಷ್ಟಿ ಉಳಿಯುತ್ತದೆ. ವಾರಗಳು ಕಳೆದರೆ ಹೋದ ದೃಷ್ಟಿ ಮರಳುವುದಿಲ್ಲ.

ಕಿವಿಗೆ ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತ ನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ. ಇದು ಜಗತ್ತೆಲ್ಲ ಒಪ್ಪಿದ ಗಡುವು. ತಾಳವಾಡಿಯವರಿಗೆ ಈ ವಿಷಯದಲ್ಲಿ ಭಾಗ್ಯವಿದೆ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ಕನ್ನಡದಲ್ಲೇ ಮಗುವಿನ ಮಾತನ್ನು ಅಳೆದು, ತಾಯಿಗೆ ಕನ್ನಡದಲ್ಲೇ ತರಬೇತಿ ಕೊಡುವವರು ಅಲ್ಲಿದ್ದಾರೆ.

ಮಾತಿನ ವಿಷಯ ಅವಳಿಗಳಲ್ಲಿ ವಿಶೇಷವಾದದ್ದು. ಇಂಗ್ಲೆಂಡಿನ ಮೈಕೆಲ್ ರಟರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೀರಾ ಮೊದಲು ಹುಟ್ಟಿದವರನ್ನು ಬಿಟ್ಟು ಉಳಿದ ಅವಳಿಗಳನ್ನು ಒಂಟಿ ಮಕ್ಕಳ ಜೊತೆ ಹೋಲಿಸಿದರು. 20 ತಿಂಗಳಲ್ಲಿ ಅವಳಿಗಳು ಮಾತಿನಲ್ಲಿ ಒಂದೂ ಮುಕ್ಕಾಲು ತಿಂಗಳಿನಷ್ಟು ಹಿಂದಿದ್ದರು. ಮೂರು ವರ್ಷಕ್ಕೆ ಅಂತರ ಮೂರು ತಿಂಗಳಾಯಿತು. ಕಾರಣ ಹೆರಿಗೆಯ ತೊಂದರೆಯಲ್ಲ. ತಾಯಿಯ ಮಾತು ಇಬ್ಬರಿಗೆ ಹಂಚಿಹೋಗಿ ಒಬ್ಬೊಬ್ಬರ ಪಾಲಿಗೆ ಕಡಿಮೆ ಬರುತ್ತಿತ್ತು. ಬೈಗುಳವಲ್ಲ ಇದು, ಎರಡು ಕೂಸನ್ನು ಸಾಕುವ ತಾಯಿಗೆ ಪುರಸೊತ್ತೆಲ್ಲಿ? ಇದು ಮನೆಯವರು ತುಂಬಿಕೊಡಬಹುದಾದ ಕೊರತೆ. ಒಂದು ಕೂಸಿಗೆ ಎಣ್ಣೆ ಹಚ್ಚುವಾಗ ಅದರ ಹೆಸರು ಹಿಡಿದು ಅದಕ್ಕೇ ಮಾತಾಡಬೇಕು. ಸಂಜೆ ಅಜ್ಜ ಒಂದನ್ನು ಹೊಲದ ಬದುವಿಗೆ ಎತ್ತಿಕೊಂಡು ಹೋಗಿ ಎಲೆಕೋಸು, ಚೆಂಡುಹೂ, ಕರು ಎಂದು ತೋರಿಸುತ್ತಿದ್ದರೆ ಇನ್ನೊಂದರ ಪಾಲಿಗೆ ಅಮ್ಮ ಪೂರ್ತಿ ಸಿಗುತ್ತಾಳೆ. ಮರುದಿನ ಅದಲು ಬದಲು. ಮಗು ಒಂದು ಸದ್ದು ಮಾಡಿದರೆ ಅದಕ್ಕೆ ಉತ್ತರ ಕೊಟ್ಟು, ಮತ್ತೆ ಅದು ಏನನ್ನುತ್ತದೋ ಎಂದು ಕ್ಷಣ ಕಾಯಬೇಕು. ಮೊಬೈಲು ಹೀಗೆ ಕಾಯುವುದಿಲ್ಲ.

ಮನೆಯಲ್ಲಿ ಕನ್ನಡ, ಅಂಗನವಾಡಿಯಲ್ಲಿ ತಮಿಳು. ಎರಡು ಭಾಷೆಯಿಂದ ಮಗು ತಬ್ಬಿಬ್ಬಾಗಿ ಮಾತು ತಡವಾಯಿತು ಎಂದು ಗಡಿ ಊರುಗಳಲ್ಲಿ ಹೇಳುವುದುಂಟು. ಎರಡು ಭಾಷೆ ಕೇಳಿ ಬೆಳೆಯುವುದು ಮಾತು ತಡವಾಗಲು ಕಾರಣವಲ್ಲ. ಎರಡೂ ಭಾಷೆಯ ಪದಗಳನ್ನು ಸೇರಿಸಿ ಎಣಿಸಬೇಕು, ಅಷ್ಟೆ. ಮನೆಯವರು ತಮಗೆ ಸರಾಗವಾದ ಭಾಷೆಯಲ್ಲೇ, ಕನ್ನಡವಿರಲಿ, ಸೋಲಿಗರ ನುಡಿಯಿರಲಿ, ಮಗುವಿನೊಡನೆ ಧಾರಾಳವಾಗಿ ಮಾತಾಡಲಿ.

ಇಬ್ಬರಲ್ಲಿ ಒಂದು ಚುರುಕು, ಒಂದು ಮಂದ ಎಂದು ಹೆಸರಿಡುವುದು ಇನ್ನೊಂದು ಕೇಡು. ಒಂದೇ ದಿನ ಹುಟ್ಟಿದರೂ ತೂಕ ಬೇರೆ, ಹೊಟ್ಟೆಯಲ್ಲಿ ಸಿಕ್ಕ ಆಹಾರದ ಪಾಲು ಬೇರೆ. ಒಬ್ಬಳು ಹನ್ನೊಂದು ತಿಂಗಳಿಗೆ ನಡೆದು, ಇನ್ನೊಬ್ಬಳು ಹದಿನಾಲ್ಕಕ್ಕೆ ನಡೆದರೆ ಎರಡೂ ಸರಿಯೇ. ಒಬ್ಬಳು ಮಾಡುವುದನ್ನು ಇನ್ನೊಬ್ಬಳ ಅಳತೆಗೋಲು ಮಾಡದೆ, ಪ್ರತಿ ಮಗುವನ್ನೂ ಬೆಳವಣಿಗೆಯ ಪಟ್ಟಿಯ ಜೊತೆಯೇ ಹೋಲಿಸಬೇಕು. ತಾಯಿ ಕಾರ್ಡೂ ಒಬ್ಬೊಬ್ಬರಿಗೆ ಒಂದೊಂದು ಇರಲಿ.

ಕೊರತೆ ಕಂಡರೆ ಏನು ಮಾಡುವುದು? ಶೀಘ್ರ ಆರೈಕೆ ಎಂದರೆ ಹೆಚ್ಚಿನ ಪಾಲು ಆಟ. ಎಚ್ಚರವಿರುವಾಗ ದಿನಕ್ಕೆ ಹಲವು ಸಲ ಚಾಪೆಯ ಮೇಲೆ ಬೋರಲು ಮಲಗಿಸುವುದು. ಮಲಗುವಾಗ ಮಾತ್ರ ಅಂಗಾತ. ಕೆಂಪು ಬಳೆಯನ್ನು ಒಂದಡಿ ದೂರದಲ್ಲಿ ಹಿಡಿದು ಮೆಲ್ಲಗೆ ಸರಿಸುವುದು, ಗಿಲಕಿಯನ್ನು ಮಗ್ಗುಲಿನಲ್ಲಿ ಆಡಿಸಿ ತಿರುಗುವಂತೆ ಮಾಡುವುದು, ಎರಡೂ ಕೈ ಎದೆಯ ನಡುವೆ ಕೂಡುವಂತೆ ಲೋಟ ಹಿಡಿಸುವುದು. ಯಾವ ಮಗುವಿಗೆ ಯಾವ ಆಟ, ಯಾವ ಸ್ನಾಯುವಿಗೆ ಯಾವ ಚಲನೆ ಎಂದು ಫಿಸಿಯೋಥೆರಪಿಸ್ಟ್ ಹೇಳಿಕೊಡುತ್ತಾರೆ. ದಿನಾ ಮಾಡುವವರು ಮನೆಯವರೇ. ಬೇಗ ನಡೆಯಲಿ ಎಂದು ತರುವ ಚಕ್ರದ ವಾಕರ್ ಮಾತ್ರ ಬೇಡವೇ ಬೇಡ. ಅದು ನಡಿಗೆ ಕಲಿಸುವುದಿಲ್ಲ, ಬೀಳಿಸಿ ತಲೆ ಒಡೆಯುತ್ತದೆ. ಕೆನಡಾ ದೇಶ 2004ರಲ್ಲೇ ಅದರ ಮಾರಾಟವನ್ನು ನಿಷೇಧಿಸಿತು.

ಇಂಥ ಆಟಗಳಿಂದ ನಿಜಕ್ಕೂ ಪ್ರಯೋಜನವಿದೆಯೇ? ಅವಧಿಪೂರ್ವ ಮಕ್ಕಳ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಕಾಕ್ರೇನ್ ವಿಮರ್ಶೆ, ಶಾಲೆಗೆ ಹೋಗುವ ಮುಂಚಿನ ವಯಸ್ಸಿನವರೆಗೆ ಬುದ್ಧಿಯ ಬೆಳವಣಿಗೆಗೆ ಅನುಕೂಲವಾಗುತ್ತದೆ ಎಂದಿತು. ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ 1986ರಲ್ಲಿ ಸ್ಯಾಲಿ ಗ್ರಾಂಥಮ್ ಮೆಕ್‌ಗ್ರೆಗರ್ ಶುರುಮಾಡಿದ ಪ್ರಯೋಗ ಇನ್ನೂ ದೂರದ ಫಲ ತೋರಿಸಿತು. ಅಲ್ಲಿದ್ದವರು ಅವಧಿಪೂರ್ವ ಮಕ್ಕಳಲ್ಲ, ಪೋಷಣೆಯಿಲ್ಲದೆ ಬೆಳವಣಿಗೆ ಕುಂಠಿತವಾದ 129 ಮಕ್ಕಳು. ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ವಾರಕ್ಕೊಮ್ಮೆ ಇವರಲ್ಲಿ ಕೆಲವರ ಮನೆಗೆ ಹೋಗಿ, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ತಾಯಂದಿರಿಗೆ ಆಡಿಸಲು ಕಲಿಸಿದರು. ಇಪ್ಪತ್ತು ವರ್ಷದ ಮೇಲೆ ಆ ಮಕ್ಕಳ ಸಂಪಾದನೆ ಆಟ ಸಿಗದವರಿಗಿಂತ ನೂರಕ್ಕೆ 25ರಷ್ಟು ಹೆಚ್ಚಿತ್ತು.

ಈ ಕೆಲಸಕ್ಕೆ ನಮ್ಮಲ್ಲಿ ವ್ಯವಸ್ಥೆಯೂ ಇದೆ. ದೇಶದ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ಕೊರತೆಯಿದ್ದವರಿಗೆ ಜಿಲ್ಲಾ ಮಟ್ಟದ ಶೀಘ್ರ ಆರೈಕೆ ಕೇಂದ್ರದಲ್ಲಿ (ಡಿಇಐಸಿ) ಫಿಸಿಯೋಥೆರಪಿ, ಮಾತಿನ ತರಬೇತಿ, ಕಣ್ಣು ಕಿವಿ ತಪಾಸಣೆ ಎಲ್ಲವೂ ಉಚಿತ. ಹೆರಿಗೆಯಾದ ಮೇಲೆ 3, 7, 14, 21, 28, 42ನೇ ದಿನಗಳಂದು ಆರೋಗ್ಯ ಕಾರ್ಯಕರ್ತೆ ಮನೆಗೆ ಬರಬೇಕೆಂಬ ನಿಯಮವೂ ಇದೆ. ಆಗ ಆಕೆ ಮಕ್ಕಳ ಜೊತೆ ತಾಯಿಯನ್ನೂ ವಿಚಾರಿಸಲಿ. ಅವಳಿಗಳ ತಾಯಿಗೆ ನಿದ್ದೆಯಿಲ್ಲ. ಕಾರಣವಿಲ್ಲದೆ ಅಳು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಎರಡು ವಾರ ಮೀರಿದರೆ ಅದಕ್ಕೂ ಚಿಕಿತ್ಸೆ ಇದೆ. ಬಾಣಂತಿಯ ಈ ಖಿನ್ನತೆಯನ್ನು ಗುರುತಿಸುವ ಹತ್ತು ಪ್ರಶ್ನೆಗಳ ಎಡಿನ್‌ಬರೊ ಪಟ್ಟಿ ಕನ್ನಡದಲ್ಲೂ ಸಿಗುತ್ತದೆ.

ತಾಳವಾಡಿಯ ತಾಯಿಗೆ ಈ ಸೌಲಭ್ಯಗಳು ಎರಡು ರಾಜ್ಯಗಳಲ್ಲಿ ಹಂಚಿಹೋಗಿವೆ. ಹೆರಿಗೆ ಒಂದು ಕಡೆ, ಲಸಿಕೆ ಇನ್ನೊಂದು ಕಡೆ, ಚೀಟಿಯ ಭಾಷೆ ಮತ್ತೊಂದು. ಆದ್ದರಿಂದ ಆಸ್ಪತ್ರೆ ಬಿಡುವ ದಿನ ಆಕೆ ಐದು ವಿಷಯಗಳನ್ನು ಬರೆಸಿಕೊಂಡೇ ಹೊರಡಬೇಕು: ಎಷ್ಟು ವಾರಕ್ಕೆ ಹೆರಿಗೆಯಾಯಿತು, ಪ್ರತಿ ಮಗುವಿನ ತೂಕ ಎಷ್ಟು, ಕಣ್ಣಿನ ಪರೀಕ್ಷೆ ಎಂದು, ಕಿವಿಯ ಪರೀಕ್ಷೆ ಎಂದು, ಕಬ್ಬಿಣಾಂಶ ಮತ್ತು ಡಿ ಜೀವಸತ್ವದ ಹನಿ ಯಾವಾಗಿನಿಂದ. ತಾಯಿಯಿಂದ ಮಗುವಿಗೆ ಕಬ್ಬಿಣ ಇಳಿಯುವುದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ, ಹಾಗಾಗಿ ಈ ಮಕ್ಕಳಿಗೆ ಹನಿ ತಪ್ಪಿಸುವಂತಿಲ್ಲ. ಸರ್ಕಾರಗಳ ಕಡೆಯಿಂದ ಆಗಬೇಕಾದದ್ದೂ ಇದೆ. ಗಡಿ ತಾಲ್ಲೂಕುಗಳ ಡಿಸ್ಚಾರ್ಜ್ ಚೀಟಿಯಲ್ಲಿ ತಮಿಳಿನ ಜೊತೆ ಕನ್ನಡದಲ್ಲೂ ನಾಲ್ಕು ಸಾಲು ಇರಲಿ. ತಿಂಗಳಿಗೊಂದು ದಿನ ಡಿಇಐಸಿಯ ಫಿಸಿಯೋಥೆರಪಿಸ್ಟ್ ಮತ್ತು ಕನ್ನಡ ಬಲ್ಲ ವಾಕ್ ಚಿಕಿತ್ಸಕರು ತಾಳವಾಡಿಯ ಆಸ್ಪತ್ರೆಗೇ ಬರಲಿ. ಎರಡು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸಿನಲ್ಲಿ 27 ತಿರುವು ಇಳಿಯುವುದು ಒಬ್ಬ ಬಾಣಂತಿಗೆ ಸಾಧ್ಯವಿಲ್ಲದ ಮಾತು. ಇಬ್ಬರು ಚಿಕಿತ್ಸಕರು ಒಂದು ಜೀಪಿನಲ್ಲಿ ಅದೇ ಘಾಟಿ ಹತ್ತಿ ಬರುವುದು ಸಾಧ್ಯವಿದೆ. ಅದನ್ನು ಗ್ರಾಮಸಭೆಗಳಲ್ಲಿ ಕೇಳುವ ಹಕ್ಕು ಈ ಬೆಟ್ಟದ ಪ್ರತಿ ಮನೆಗೂ ಇದೆ.